ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ: ಹೆರಿಗೆ ಕೋಣೆಯ ಲೆಕ್ಕಕ್ಕೆ 50 ಅಂಕ ಸಾಲದು

ಮಾನ್ಯ ಸಚಿವರಿಗೆ, ಮಂಡ್ಯದಿಂದ ನಮಸ್ಕಾರಗಳು.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವ ಹುಡುಗಿಯರಿಗೆ ಲೆಕ್ಕ ಬರುವುದಿಲ್ಲ, ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಮಾತ್ರ ಸೀಟು ಕೊಡಬೇಕು ಎಂಬ ಮಾತು ಆಸ್ಪತ್ರೆಗಳ ಕಾರಿಡಾರಿನಲ್ಲಿ ಆಗಾಗ ಕೇಳುತ್ತಿರುತ್ತದೆ. ತಮ್ಮ ಕಿವಿಗೂ ಬಿದ್ದಿರಬಹುದು. ಬಹಳ ಕಾಲ ಶುಶ್ರೂಷಾ ಬೋಧಕಿಯಾಗಿದ್ದವಳು ನಾನು. ಮಾತಿನ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಉಳಿದರ್ಧಕ್ಕೆ ಇದೆ, ಅದಕ್ಕೇ ಈ ಪತ್ರ.

ಯಾವ ಲೆಕ್ಕ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾಗಮಂಗಲದ ಕಡೆಯ ಒಂದು ಪಿಎಚ್‌ಸಿಯಲ್ಲಿ ರಾತ್ರಿ ಹೊತ್ತು ತುಂಬು ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬಂತು ಎಂದುಕೊಳ್ಳಿ. 108 ಆಕೆಯನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕರೆದೊಯ್ಯುವ ಮೊದಲೇ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಬೀಳಬೇಕು. ಕೊಡಬೇಕಾದ್ದು 10 ಗ್ರಾಂ, ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ. ಆಂಪೂಲಿನ ಮೇಲೆ ಇರುವುದೋ ‘50%, 2 ಮಿ.ಲೀ.’ ಎಂದಷ್ಟೇ. 100 ಮಿ.ಲೀ.ಗೆ 50 ಗ್ರಾಂ, ಅಂದಮೇಲೆ ಆಂಪೂಲಿಗೆ 1 ಗ್ರಾಂ, ಹತ್ತು ಆಂಪೂಲ್ ಒಡೆಯಬೇಕು. ಇದೇ ಔಷಧಿಯನ್ನು ದೊಡ್ಡಾಸ್ಪತ್ರೆಯಲ್ಲಿ 4 ಗ್ರಾಂ ರಕ್ತನಾಳಕ್ಕೆ ಕೊಡುವಾಗ 20%ಕ್ಕೆ ಇಳಿಸಿಕೊಳ್ಳಬೇಕು: 8 ಮಿ.ಲೀ. ಔಷಧಿ, 12 ಮಿ.ಲೀ. ಸಲೈನ್. ಕಡಿಮೆಯಾದರೆ ಫಿಟ್ಸ್ ಮರುಕಳಿಸಬಹುದು, ವಿಪರೀತ ಹೆಚ್ಚಾದರೆ ಉಸಿರೇ ನಿಲ್ಲಬಹುದು.

ಆಂಪೂಲನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಓದಿ, ‘ಮೇಡಂ, 50% ಅಂದ್ರೆ ಅರ್ಧ ಆಂಪೂಲ್ ಕೊಡೋದಾ?’ ಎಂದು ಕೇಳಿದ ವಿದ್ಯಾರ್ಥಿನಿಯನ್ನು ನಾನು ಕಂಡಿದ್ದೇನೆ. ಥಿಯರಿಯಲ್ಲಿ ಅವಳದು ಫಸ್ಟ್ ಕ್ಲಾಸು. ಬಸುರಿಯರಿಗೆ ಬಿಪಿ ಏರಿ ಫಿಟ್ಸ್ ಬರುವ ಗರ್ಭನಂಜಿನ ಲಕ್ಷಣಗಳನ್ನೆಲ್ಲ ಪಟಪಟನೆ ಹೇಳುತ್ತಿದ್ದಳು.

ಡ್ರಿಪ್ಪಿನ ಕಥೆಯೂ ಇದೇ. 500 ಮಿ.ಲೀ. ಬಾಟಲಿ 8 ಗಂಟೆಯಲ್ಲಿ ಹೋಗಬೇಕು. ಸಾಮಾನ್ಯ ಸೆಟ್ಟಿನಲ್ಲಿ 1 ಮಿ.ಲೀ.ಗೆ 20 ಹನಿ. ನಿಮಿಷಕ್ಕೆ ಸುಮಾರು 21. ಬಹಳ ಜನ ‘ಇಪ್ಪತ್ತು ಹನಿ’ ಎಂದು ಬಾಯಿಪಾಠ ಮಾಡಿರುತ್ತಾರೆ. ಸ್ಟೋರಿನಿಂದ 60 ಹನಿಯ ಮೈಕ್ರೋ ಸೆಟ್ ಬಂದ ದಿನ ಅದೇ ಇಪ್ಪತ್ತು ಹನಿಗೆ ಬಾಟಲಿ ಮುಗಿಯಲು 25 ಗಂಟೆ ಹಿಡಿಯುತ್ತದೆ.

ಹಾಗಾದರೆ ಇವರು ಪಾಸಾದದ್ದು ಹೇಗೆ? ಜಿಎನ್‌ಎಂನಲ್ಲಿ ಲೆಕ್ಕಕ್ಕೆಂದು ಬೇರೆ ಪತ್ರಿಕೆಯಿಲ್ಲ. ಡೋಸಿನ ಲೆಕ್ಕ ಬೇರೆ ವಿಷಯಗಳ ನಡುವೆ ಎಲ್ಲೋ ಸೇರಿಕೊಂಡಿರುತ್ತದೆ, ಪಾಸಾಗಲು ಬೇಕಾದ್ದು ನೂರಕ್ಕೆ 50. ಲೆಕ್ಕದ ಪ್ರಶ್ನೆಯನ್ನು ಪೂರ್ತಿ ಬಿಟ್ಟು, ಚಾಯ್ಸ್‌ನಲ್ಲಿ ಪ್ರಬಂಧ ಬರೆದು ದಾಟಿಕೊಳ್ಳಬಹುದು. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು, ನಮಗೂ ಗೊತ್ತಿತ್ತು. ಬ್ರಿಟನ್ನಿನಲ್ಲಿ ಸೂಲಗಿತ್ತಿಯರ ಕೋರ್ಸು ಮುಗಿಯಬೇಕಾದರೆ ಔಷಧಿ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬರಬೇಕು. ಅಲ್ಲಿಂದ ಎಲ್ಲವನ್ನೂ ತರಬೇಕಿಲ್ಲ, ಇದೊಂದನ್ನು ತಂದರೆ ಸಾಕು.

ಇನ್ನು ಸೈನ್ಸಿನ ವಿಚಾರ. ಪಿಯುಸಿ ಆರ್ಟ್ಸ್ ಮಾಡಿದ ಹುಡುಗಿ ಗಣಿತದ ಪುಸ್ತಕ ಮುಚ್ಚಿದ್ದು ಎಸ್ಸೆಸ್ಸೆಲ್ಸಿಯಲ್ಲಿ, ನಿಜ. ಆದರೆ ಬಿ.ಎಸ್ಸಿ. ನರ್ಸಿಂಗಿಗೂ ಕೇಳುವುದು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಗಣಿತ ಅಲ್ಲ. ಸೈನ್ಸ್ ಎಂಬ ಬೇಲಿ ಹಾಕಿದರೆ ಲೆಕ್ಕ ಬರುವವರು ಸಿಗುತ್ತಾರೆಂಬ ಖಾತ್ರಿಯೇನೂ ಇಲ್ಲ. ಮಳವಳ್ಳಿ, ಹಲಗೂರಿನ ಕಡೆಯ ಹುಡುಗಿಯರಂತೂ ಹೊರಗುಳಿಯುತ್ತಾರೆ. ನಾಳೆ ಆ ಊರುಗಳ ಪಿಎಚ್‌ಸಿಯಲ್ಲಿ ನಿಂತು ಕೆಲಸ ಮಾಡುವವರು ಅವರೇ. ಡೇರಿಗೆ ಹಾಲು ಹಾಕಿ, ಚೀಟಿಯಲ್ಲಿ ಫ್ಯಾಟು ನೋಡಿ, ಬಟವಾಡೆಯಲ್ಲಿ ಐದು ರೂಪಾಯಿ ಕಡಿಮೆಯಾದರೂ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುವ ಮನೆಯ ಮಕ್ಕಳವರು. ಶೇಕಡಾವಾರು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅದೇ ಲೆಕ್ಕ ಇಂಗ್ಲಿಷಿನಲ್ಲಿ, ಒಂದು ಸೂತ್ರದ ವೇಷದಲ್ಲಿ ಎದುರು ನಿಂತಾಗ ಕೈ ನಡುಗುತ್ತದೆ. ಅಷ್ಟೆ.

ಪಠ್ಯಕ್ರಮ ದೆಹಲಿಯಲ್ಲಿ ಆಗುವಂಥದ್ದು, ನಮ್ಮ ಕೈಯಲ್ಲಿಲ್ಲ ಎಂದು ಇಲಾಖೆಯವರು ಹೇಳುತ್ತಾರೆ. ಒಪ್ಪಿದೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆಂದು ತಂದ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯಲ್ಲೂ ಪಠ್ಯದ ಮಟ್ಟ ಗೊತ್ತುಮಾಡುವುದು ಮೇಲಿನವರೇ. ಆದರೆ ಜಿಎನ್‌ಎಂ ಪ್ರಶ್ನೆಪತ್ರಿಕೆ ತಯಾರಾಗುವುದು ನಮ್ಮದೇ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯಲ್ಲಿ. ಮೂರನೇ ವರ್ಷ ಮಿಡ್‌ವೈಫರಿ ಪ್ರಾಯೋಗಿಕ ಪರೀಕ್ಷೆಗೆ ಕೂರುವ ಮೊದಲು ಔಷಧಿ ಲೆಕ್ಕದ ಒಂದು ಸಣ್ಣ ಪರೀಕ್ಷೆಯನ್ನು ಪ್ರತಿ ಶಾಲೆಯೂ ನಡೆಸಲೇಬೇಕೆಂದು ತಾವು ಮಂಡಳಿಯಿಂದ ಸುತ್ತೋಲೆ ಹೊರಡಿಸಿ. ಮೇಜಿನ ಮೇಲೆ ನಿಜವಾದ ಆಂಪೂಲ್, ಸಿರಿಂಜು, ಡ್ರಿಪ್ ಸೆಟ್ ಇರಲಿ. ಪ್ರಶ್ನೆ ಕನ್ನಡದಲ್ಲೂ ಇರಲಿ. ಪೂರ್ತಿ ಅಂಕ ಬಂದರೆ ಮಾತ್ರ ಪಾಸು. ಬಾರದಿದ್ದರೆ ಬರುವವರೆಗೆ ಮತ್ತೆ ಮತ್ತೆ ಅವಕಾಶ, ಶುಲ್ಕವಿಲ್ಲದೆ. ಶುಲ್ಕದ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮಲ್ಲಿ ಮರುಪರೀಕ್ಷೆ ಎಂದರೆ ಮೊದಲು ತೆರೆಯುವುದು ರಸೀದಿ ಪುಸ್ತಕ.

ಬೇಕಿದ್ದರೆ ಮಂಡ್ಯ, ಮೈಸೂರು ಜಿಲ್ಲೆಗಳ ಶಾಲೆಗಳಲ್ಲಿ ಮೊದಲು ಮಾಡಿ ನೋಡಿ. ಮಾದರಿ ಪ್ರಶ್ನೆಗಳನ್ನು ಬರೆದುಕೊಡಲು ನನ್ನಂಥ ನಿವೃತ್ತರು ಕೆಲವರು ಸಿದ್ಧರಿದ್ದೇವೆ. ಸಂಭಾವನೆ ಬೇಡ. ಬೆಂಗಳೂರಿಗೆ ಕರೆದರೂ ಬಸ್ ಚಾರ್ಜಿನ ಚಿಂತೆಯಿಲ್ಲ, ಹೆಂಗಸರಿಗೆ ಅದನ್ನು ತಮ್ಮ ಸರ್ಕಾರ ಮೊದಲೇ ಪುಕ್ಕಟೆ ಮಾಡಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾ ಬೋಧಕಿ, ಮಂಡ್ಯ