ಕಪ್ ಎತ್ತದ ಆ ಲಿಮರಿಕ್ ತಂಡಕ್ಕೆ

ನಿವೃತ್ತಿಗೆ ಶುಭ ಕೋರಿದ ಎಲ್ಲರಿಗೂ ಮೊದಲು ನಮಸ್ಕಾರ. ಮಡಿಕೇರಿಯ ಬಂಧುಗಳಿಗೆ, ಮೈಸೂರಿನಲ್ಲಿ ಜೊತೆಗೆ ವೈದ್ಯಕೀಯ ಓದಿದ ಗೆಳೆಯರಿಗೆ, ಡಬ್ಲಿನ್ನಿನ ಕನ್ನಡಿಗರಿಗೆ, ಲಿಮರಿಕ್ಕಿನ ಸಹೋದ್ಯೋಗಿಗಳಿಗೆ ಒಬ್ಬೊಬ್ಬರಿಗೇ ಉತ್ತರ ಬರೆಯಬೇಕೆಂದುಕೊಂಡಿದ್ದೆ, ಸಾಧ್ಯವಾಗಲಿಲ್ಲ. ಈ ಬರಹವನ್ನೇ ಎಲ್ಲರಿಗೂ ಸೇರಿದ ಉತ್ತರವೆಂದು ದಯವಿಟ್ಟು ಸ್ವೀಕರಿಸಿ.

ಬೀಳ್ಕೊಡುಗೆಯ ದಿನ ನಾನು ಆಸ್ಪತ್ರೆಯ ಬಗ್ಗೆ ಕಡಿಮೆ ಮಾತನಾಡಿ ಐರ್ಲೆಂಡಿನ ಹರ್ಲಿಂಗ್ ಆಟದ ಬಗ್ಗೆ ಹೆಚ್ಚು ಮಾತನಾಡಿದೆ ಎಂಬ ದೂರು ಊರಿನವರೆಗೂ ತಲುಪಿದೆಯಂತೆ. ದೂರು ನಿಜ. ಆದರೆ ಅಂದು ಹೇಳಬೇಕಾಗಿದ್ದೆಲ್ಲ ಹೇಳಿ ಮುಗಿಯಲಿಲ್ಲ. ಯಾರಿಗೆ ನಾನು ನಿಜವಾಗಿ ಋಣಿಯೋ ಅವರಲ್ಲಿ ಹಲವರು ಆ ಸಭೆಯಲ್ಲಿ ಇರಲೂ ಇಲ್ಲ. ಅವರು 1990ರ ದಶಕದಲ್ಲಿ ಲಿಮರಿಕ್ ಕೌಂಟಿಯ ಪರವಾಗಿ ಆಡಿ, ಎರಡು ಬಾರಿ ಅಖಿಲ ಐರ್ಲೆಂಡ್ ಫೈನಲ್ ತಲುಪಿ, ಎರಡೂ ಬಾರಿ ಸೋತವರು.

ಆಟ ನೋಡಿರದ ನಮ್ಮವರಿಗಾಗಿ ಎರಡು ಮಾತು. ಒಂದು ತಂಡದಲ್ಲಿ ಹದಿನೈದು ಮಂದಿ. ಕೈಯಲ್ಲಿ ಆ್ಯಶ್ ಮರದ ಚಪ್ಪಟೆ ತುದಿಯ ಕೋಲು, ಅದರ ಹೆಸರು ಹರ್ಲಿ. ಬೇರಿನ ಬಳಿ ಬಾಗಿದ ಮರದ ತುಂಡಿನಿಂದಲೇ ಅದನ್ನು ಕಡೆಯಬೇಕು. ಮರದ ಎಳೆ ಕೋಲಿನ ತಿರುವಿನ ಜೊತೆಗೆ ತಿರುಗಿರದಿದ್ದರೆ ಎರಡನೆಯ ಹೊಡೆತಕ್ಕೇ ಸೀಳುತ್ತದೆ. ಚೆಂಡು ಚರ್ಮದ್ದು, ಅದರ ಮೈಮೇಲೆ ಉಬ್ಬಿದ ಏಣುಗಳು. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಮೇಲಿನಿಂದ ಹೋದರೆ ಪಾಯಿಂಟ್; ಒಂದು ಗೋಲಿಗೆ ಮೂರು ಪಾಯಿಂಟ್ ಸಮ. ಚೆಂಡನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ, ಕೋಲಿನ ತುದಿಯಲ್ಲಿ ಕುಣಿಸುತ್ತಾ ಎಷ್ಟು ದೂರ ಬೇಕಾದರೂ ಓಡಬಹುದು. ಇಷ್ಟೆಲ್ಲ ಆಡುವವರಿಗೆ ಸಂಬಳವಿಲ್ಲ. ಭಾನುವಾರ ಎಂಬತ್ತು ಸಾವಿರ ಜನರ ಮುಂದೆ ಆಡಿದವನು ಮರುದಿನವೋ ಅದರ ಮರುದಿನವೋ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ, ಇಲ್ಲವೇ ಹಸುಗಳ ಹಾಲು ಕರೆಸುತ್ತಿರುತ್ತಾನೆ.

ನಾನು ಲಿಮರಿಕ್ಕಿಗೆ ಬಂದದ್ದು 1994ರ ಬೇಸಿಗೆಯಲ್ಲಿ, ಮೂಳೆ ವಿಭಾಗದ ಕಿರಿಯ ವೈದ್ಯನಾಗಿ. ಆ ಸೆಪ್ಟೆಂಬರಿನ ಮೊದಲ ಭಾನುವಾರ ಆಫಲಿ ಕೌಂಟಿಯ ವಿರುದ್ಧ ಲಿಮರಿಕ್ ಫೈನಲ್. 1973ರ ನಂತರ ಲಿಮರಿಕ್ ಗೆದ್ದಿರಲಿಲ್ಲ. ವಾರ್ಡಿನ ಟಿವಿಯ ಸುತ್ತ ಮಂಚಗಳನ್ನು ತಿರುಗಿಸಲಾಗಿತ್ತು; ಮೇಲ್ವಿಚಾರಕಿ ಸಿಸ್ಟರ್ ಕಂಡೂ ಕಾಣದಂತಿದ್ದರು. ಇನ್ನು ಐದು ನಿಮಿಷ ಉಳಿದಿದ್ದಾಗ ಲಿಮರಿಕ್ ಐದು ಪಾಯಿಂಟ್ ಮುಂದಿತ್ತು. ಆಗ ಆಫಲಿಯ ಜಾನಿ ಡೂಲಿ ಒಂದು ಫ್ರೀ ಹೊಡೆತವನ್ನು ಪಾಯಿಂಟಿಗೆ ಎತ್ತದೆ ಕೆಳಗೇ ಹೊಡೆದು ಗೋಲು ಮಾಡಿದರು. ಒಂದು ನಿಮಿಷ ಕಳೆಯುವ ಮೊದಲೇ ಪ್ಯಾಟ್ ಓಕಾನರ್ ಅವರಿಂದ ಇನ್ನೊಂದು ಗೋಲು. ಅದರ ಹಿಂದೆಯೇ ಸಾಲಾಗಿ ಐದು ಪಾಯಿಂಟ್. ಲಿಮರಿಕ್ ಒಂದನ್ನೂ ಸೇರಿಸಲಿಲ್ಲ. ಆಫಲಿಯ 3-16ಕ್ಕೆ ಲಿಮರಿಕ್ಕಿನದು 2-13; ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್. ಗೆದ್ದ ಆಫಲಿಯ ತರಬೇತುದಾರ ಏಮನ್ ಕ್ರೆಗನ್ ಸ್ವತಃ ಲಿಮರಿಕ್ಕಿನವರು, 1973ರ ವಿಜೇತ ತಂಡದಲ್ಲಿ ಆಡಿದವರು. ತವರಿನ ಹೊಟ್ಟೆಗೆ ಹೊಡೆದು ಬಂದ ಗೆಲುವು ಅವರದು, ಮುಖದಲ್ಲಿ ಸಂತೋಷ ಎಂಬುದೇ ಇರಲಿಲ್ಲ.

ನನ್ನ ಬದುಕು ಬದಲಾದದ್ದು ಆ ಐದು ನಿಮಿಷಗಳ ನಂತರ. ಸೊಂಟದ ಕೀಲು ಬದಲಿಸಿಕೊಂಡು ಮಲಗಿದ್ದ ಹಿರಿಯ ರೈತರೊಬ್ಬರು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ನೋಡಿದವರೆಲ್ಲರಿಗೂ ಗೊತ್ತಿರುವ ಕಥೆಯನ್ನು ಅವರು ಯಾರಿಗೆ ಹೇಳಬೇಕು? ಏನೂ ಗೊತ್ತಿಲ್ಲದ ಒಬ್ಬ ಬೇಕಾಗಿತ್ತು. ಆ ಕೋಣೆಯಲ್ಲಿ ಅಂಥವನು ನಾನೊಬ್ಬನೇ. 1930ರ ದಶಕದ ಲಿಮರಿಕ್ ಆಟಗಾರ ಮಿಕ್ ಮ್ಯಾಕಿಯಿಂದ ಆರಂಭಿಸಿ, 1934, 1936, 1940ರ ಗೆಲುವುಗಳನ್ನು ದಾಟಿ, ಅಂದಿನ ಮಧ್ಯಾಹ್ನದವರೆಗೂ ಎಲ್ಲವನ್ನೂ ಹೇಳಿದರು. ಮರುದಿನ ಪಕ್ಕದ ಮಂಚದವರು ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು. ಅಂದು ಲಿಮರಿಕ್ ಗೆದ್ದಿದ್ದರೆ ಎಲ್ಲರೂ ಬೀದಿಗಿಳಿದು ಹಾಡುತ್ತಿದ್ದರು, ನನ್ನನ್ನು ಯಾರೂ ಕರೆದು ಕೂರಿಸುತ್ತಿರಲಿಲ್ಲ ಎಂದೇ ಇಂದಿಗೂ ನಂಬಿದ್ದೇನೆ. ಸೋತ ಊರು ನನ್ನನ್ನು ಒಳಗೆ ಬಿಟ್ಟುಕೊಂಡಿತು. ಆ ತಂಡಕ್ಕೆ ನನ್ನ ಮೊದಲ ಕೃತಜ್ಞತೆ ಇದಕ್ಕೇ.

1995ರಲ್ಲಿ ಮನ್‌ಸ್ಟರ್ ಪ್ರಾಂತ್ಯದ ಫೈನಲ್‌ನಲ್ಲಿ ಕ್ಲೇರ್ ಕೌಂಟಿಯವರು ನಮ್ಮನ್ನು ಹೊಡೆದುಹಾಕಿದರು. ಅವರಿಗದು 1932ರ ನಂತರದ ಮೊದಲ ಪ್ರಾಂತೀಯ ಪ್ರಶಸ್ತಿ. ಅದೇ ವರ್ಷ ಅವರು 1914ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆದರು. ಆ ಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಬಂದ ಏಮನ್ ಟಾಫ್ ಒಂದೇ ಒಂದು ಗೋಲು ಹೊಡೆದರು, ಆಟ ಮುಗಿಯುವ ಮೊದಲೇ ಅವರನ್ನು ಹೊರಗೆ ಕರೆಸಿಕೊಳ್ಳಲಾಯಿತು. ಎಂಬತ್ತೊಂದು ವರ್ಷದ ಬರ ನೀಗಿಸಲು ಅಷ್ಟು ಸಾಕಾಯಿತು! ಕ್ಲೇರ್ ನಮ್ಮ ನೆರೆಯ ಕೌಂಟಿ. ಅಲ್ಲಿಂದ ಬಂದ ರೋಗಿಗಳ ಸೊಕ್ಕು ಆ ಚಳಿಗಾಲವೆಲ್ಲ ಇಳಿಯಲಿಲ್ಲ.

1996ರ ಜೂನ್‌ನಲ್ಲಿ ಅದನ್ನು ಇಳಿಸಿದವರು ಲಿಮರಿಕ್ಕಿನ ಆಟಗಾರ ಕಿಯರನ್ ಕೇರಿ. ಲಿಮರಿಕ್ಕಿನ ಗೇಲಿಕ್ ಗ್ರೌಂಡ್ಸ್ ಮೈದಾನ, ಸುಡುಬಿಸಿಲು, ಆಟ ಮುಗಿಯಲು ಬಂದಿದೆ, ಎರಡೂ ತಂಡ ಸಮ. ಕ್ಲೇರ್ ಗೋಲ್‌ಕೀಪರ್ ಹೊಡೆದ ಚೆಂಡನ್ನು ಕೇರಿ ತಮ್ಮದೇ ಅರ್ಧದಲ್ಲಿ ಹಿಡಿದು ಓಡಲು ಆರಂಭಿಸಿದರು. ಕೋಲಿನ ಮೇಲೆ ಚೆಂಡು, ಅಕ್ಕಪಕ್ಕದಲ್ಲಿ ಕ್ಲೇರ್ ಆಟಗಾರರು, ಅವರು ನಿಲ್ಲಲಿಲ್ಲ. ಓಡುತ್ತಲೇ ಹೊಡೆದರು, ಚೆಂಡು ಕಂಬಗಳ ನಡುವೆ ಹೋಯಿತು. ಒಂದು ಪಾಯಿಂಟಿನ ಗೆಲುವು. ಆ ಪಂದ್ಯವನ್ನು ಕ್ಯಾಸೆಟ್‌ನಲ್ಲಿ ದಾಖಲಿಸಿ ನನಗೆ ತಂದುಕೊಟ್ಟದ್ದು, ಮೇಲೆ ಹೇಳಿದ ರೈತರ ಮಗಳು. ಮಕ್ಕಳ ಹುಟ್ಟುಹಬ್ಬದ ಕ್ಯಾಸೆಟ್‌ಗಳು ಎಲ್ಲಿವೆಯೋ ಗೊತ್ತಿಲ್ಲ, ಅದು ಮಾತ್ರ ಭದ್ರವಾಗಿದೆ.

ಆ ವರ್ಷದ ಫೈನಲ್‌ನಲ್ಲಿ ಎದುರಾಳಿ ವೆಕ್ಸ್‌ಫರ್ಡ್. ಅವರ ತರಬೇತುದಾರ ಲಿಯಾಮ್ ಗ್ರಿಫಿನ್, ಡಬ್ಲಿನ್ನಿಗೆ ಹೊರಟ ತಂಡವನ್ನು ಕೌಂಟಿಯ ಗಡಿಯಲ್ಲಿ ಬಸ್ಸಿನಿಂದ ಇಳಿಸಿ, ನಡೆದೇ ಗಡಿ ದಾಟಿಸಿದವರು. ಮೊದಲರ್ಧ ಮುಗಿಯುವ ಮೊದಲೇ ಅವರ ಒಬ್ಬ ಆಟಗಾರನನ್ನು ಹೊರಗೆ ಕಳುಹಿಸಲಾಯಿತು. ಹದಿನಾಲ್ಕು ಮಂದಿಯೇ ನಮ್ಮನ್ನು 1-13ಕ್ಕೆ 0-14ರಿಂದ ಸೋಲಿಸಿದರು. ವೆಕ್ಸ್‌ಫರ್ಡಿಗೆ 1968ರ ನಂತರದ ಮೊದಲ ಕಪ್. ನನಗೆ ಆ ಸೋಲು 1994ಕ್ಕಿಂತ ಹೆಚ್ಚು ನೋವು ಕೊಟ್ಟಿತು, ಏಕೆಂದರೆ ಈ ಬಾರಿ ನಾನು ನೋಡಲು ಬಂದವನಾಗಿರಲಿಲ್ಲ.

ಅಂದಹಾಗೆ ಮಡಿಕೇರಿಯವರು ಕೇಳಲೇಬೇಕಾದ ಒಂದು ಮಾತು. 1997ರಲ್ಲಿ ಮನೆಯಿಂದ ಬಂದ ಪತ್ರವೊಂದರಲ್ಲಿ, ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ನಡೆಸಿದ ಸುದ್ದಿ ಇತ್ತು. ವಾರ್ಡಿನಲ್ಲಿ ಅದನ್ನು ಹೇಳಿದೆ. ಮನೆತನದ ಹೆಸರಿನಲ್ಲಿ, ಹಣವಿಲ್ಲದೆ, ಕೋಲು ಹಿಡಿದು ಆಡುವವರು ಭಾರತದಲ್ಲೂ ಇದ್ದಾರೆಂದು ತಿಳಿದ ಮೇಲೆ ನನ್ನ ಊರು ಎಲ್ಲಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮೈದಾನ ಹೇಗಿದೆ ಎಂದು ಕೇಳಿದರು.

ಆಫಲಿಯವರನ್ನು ಮರೆತರೆ ತಪ್ಪಾಗುತ್ತದೆ, ನಮ್ಮನ್ನು ಅಳಿಸಿದವರಾದರೂ. 1998ರ ಸೆಮಿಫೈನಲ್ ಮರುಪಂದ್ಯದಲ್ಲಿ ರೆಫರಿ ಸುಮಾರು ಎರಡು ನಿಮಿಷ ಮೊದಲೇ ಸೀಟಿ ಊದಿಬಿಟ್ಟರು. ಆಗ ಕ್ಲೇರ್ ಮೂರು ಪಾಯಿಂಟ್ ಮುಂದಿತ್ತು. ಆಫಲಿ ಅಭಿಮಾನಿಗಳು ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದ ಹುಲ್ಲಿನ ಮೇಲೆ ಧರಣಿ ಕುಳಿತರು. ಥರ್ಲೆಸ್‌ನಲ್ಲಿ ಮೂರನೆಯ ಪಂದ್ಯ ನಡೆಯಿತು, ಆಫಲಿ ಗೆದ್ದಿತು, ಮುಂದೆ ಕಿಲ್ಕೆನಿಯನ್ನು ಸೋಲಿಸಿ ಕಪ್ಪನ್ನೂ ಗೆದ್ದಿತು. ಫೈನಲ್‌ನಲ್ಲಿ ಜ್ವರದಿಂದ ಬಳಲುತ್ತಿದ್ದ ರಕ್ಷಣಾ ಆಟಗಾರ ಬ್ರಿಯಾನ್ ವೀಲಹನ್ ಅವರನ್ನು ಮುಂದಕ್ಕೆ ಕಳುಹಿಸಿದರು. ಅವರೊಬ್ಬರೇ 1-6 ಗಳಿಸಿದರು. 1994ರಿಂದ 1998ರವರೆಗೆ ಕಿಲ್ಕೆನಿ, ಕಾರ್ಕ್, ಟಿಪ್ಪರರಿ ಎಂಬ ಮೂರು ದೊಡ್ಡ ಮನೆಗಳಿಗೆ ಒಂದೂ ಕಪ್ ಸಿಗಲಿಲ್ಲ. ಆ ಐದು ಬೇಸಿಗೆಗಳನ್ನು ಸುವರ್ಣಯುಗ ಎನ್ನದೆ ಇನ್ನೇನು ಎನ್ನಲಿ?

ಲಿಮರಿಕ್ಕಿನ ಇಂದಿನ ಹುಡುಗರು ಒಪ್ಪುವುದಿಲ್ಲ. 2018, ನಂತರ 2020ರಿಂದ 2023ರವರೆಗೆ ಸತತ ನಾಲ್ಕು: ಐದು ಕಪ್ ಕಂಡವರು ಅವರು. ತರಬೇತುದಾರ ಜಾನ್ ಕೈಲಿ ಕಟ್ಟಿದ ಆ ತಂಡದ ಆಟ ನೋಡುವುದೇ ಒಂದು ಭಾಗ್ಯ, ಒಪ್ಪುತ್ತೇನೆ. ಆದರೆ ಮೂವತ್ತು ದಾಟಿದ ನಾನು ಹೊಸ ಊರಿನಲ್ಲಿ ಬೇರು ಬಿಟ್ಟದ್ದು ಗೆದ್ದವರಿಂದಲ್ಲ.

ಕ್ಲಬ್ಬುಗಳ ಹುಡುಗರಿಗೂ ಧನ್ಯವಾದ ಹೇಳಬೇಕು. ನನ್ನ ಹೊಟ್ಟೆ ತುಂಬಿಸಿದವರು ಅವರೇ. ಬೇಸಿಗೆಯ ಸೋಮವಾರ ಹೊರರೋಗಿ ವಿಭಾಗದ ಬೆಂಚಿನಲ್ಲಿ ಊದಿದ ಬೆರಳುಗಳ ಸಾಲು. ಮೇಲಿನಿಂದ ಬರುವ ಚೆಂಡಿಗೆ ಬರಿಗೈ ಎತ್ತಿದಾಗ ಎದುರಾಳಿಯ ಕೋಲು ಗೆಣ್ಣಿಗೆ ಬೀಳುತ್ತದೆ. ಕಿರುಬೆರಳು ಅಥವಾ ಅದರ ಕೆಳಗಿನ ಅಂಗೈ ಮೂಳೆ ಮುರಿದಿರುತ್ತದೆ. ಆಗ ಹೆಲ್ಮೆಟ್ ಕಡ್ಡಾಯವಾಗಿರಲಿಲ್ಲ, ಆ ನಿಯಮ ಎಲ್ಲರಿಗೂ ಬಂದದ್ದು 2010ರಲ್ಲಿ; ಅದಕ್ಕೂ ಮೊದಲು ಹುಬ್ಬಿನ ಮೇಲಿನ ಹೊಲಿಗೆಗಳೂ ಜೊತೆಗಿರುತ್ತಿದ್ದವು. ಎಕ್ಸ್‌ರೇ ತೋರಿಸಿದರೆ ನೋಡುತ್ತಿರಲಿಲ್ಲ. "ಭಾನುವಾರಕ್ಕೆ ಸರಿಹೋಗುತ್ತದೆಯೇ ಡಾಕ್ಟರ್?" ಎಂಬುದೊಂದೇ ಪ್ರಶ್ನೆ. ಆರು ವಾರ ಎಂದರೆ ತಲೆಯಾಡಿಸಿ ಹೋಗುತ್ತಿದ್ದರು. ಮುಂದಿನ ಸೋಮವಾರ ಒದ್ದೆಯಾಗಿ, ಹುಲ್ಲು ಮೆತ್ತಿದ ಪ್ಲಾಸ್ಟರಿನೊಂದಿಗೆ ಅದೇ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ಬೈದಿದ್ದೇನೆ. ಬೈದದ್ದಕ್ಕೆ ಪಶ್ಚಾತ್ತಾಪವಿಲ್ಲ.

2018ರ ಫೈನಲ್‌ಗೆ ನನಗೆ ಟಿಕೆಟ್ ಕೊಡಿಸಿದವನು ಅಂಥದೇ ಒಬ್ಬ ಹಳೆಯ ರೋಗಿ. ಹೆಚ್ಚುವರಿ ಎಂಟು ನಿಮಿಷಗಳಲ್ಲಿ ಗಾಲ್ವೇ ತಂಡ ಅಟ್ಟಿಸಿಕೊಂಡು ಬಂತು, ನಮಗೆ ಉಳಿದದ್ದು ಒಂದೇ ಪಾಯಿಂಟಿನ ಅಂತರ. ನನ್ನ ಸುತ್ತಲಿನ ವಯಸ್ಸಾದವರೆಲ್ಲ 1994 ಎಂದು ಗೊಣಗುತ್ತಿದ್ದರು. ಕೊನೆಯ ಫ್ರೀ ಹೊಡೆತ ಗೋಲಿನ ಮುಂದೆ ಬಿತ್ತು, ನಮ್ಮ ಟಾಮ್ ಕಾಂಡನ್ ಚೆಂಡನ್ನು ಹಿಡಿದು ಹೊರತಂದರು. 3-16ಕ್ಕೆ 2-18. ನಲವತ್ತೈದು ವರ್ಷ ಮುಗಿಯಿತು. ಅಂದು ಗೋಲಿನಲ್ಲಿ ನಿಂತಿದ್ದವರು ನಿಕಿ ಕ್ವೇಡ್. 1994ರಲ್ಲಿ ಅದೇ ಸ್ಥಾನದಲ್ಲಿ ನಿಂತಿದ್ದವರು ಅದೇ ಕುಟುಂಬದ ಜೋ ಕ್ವೇಡ್. ಆ ಕೊನೆಯ ಐದು ನಿಮಿಷಗಳ ಎರಡನೆಯ ಗೋಲು ಬಂದದ್ದು ಜೋ ಅವಸರದಲ್ಲಿ ಚೆಂಡು ಹೊಡೆದದ್ದರಿಂದ ಎಂದು ಊರು ವರ್ಷಗಟ್ಟಲೆ ಆಡಿಕೊಂಡಿತು. ಜೋ ಅವರೇ, ಆ ಪಂದ್ಯವನ್ನು ಮತ್ತೆ ಮತ್ತೆ ನೋಡಿದ್ದೇನೆ. ನೀವು ಅವಸರ ಮಾಡಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇವೆ. ಕೇರಿ ಅವರ ಓಟದ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಸೇರಿದೆ. ಮಡಿಕೇರಿಯಲ್ಲಿ ಯಾರ ಮನೆಯಲ್ಲಾದರೂ ಕೆಲಸ ಮಾಡುವ ವಿಸಿಆರ್ ಉಳಿದಿದ್ದರೆ ದಯವಿಟ್ಟು ತಿಳಿಸಿ.