ಮುಖ್ಯ ಪರೀಕ್ಷೆಯ ಉತ್ತರಗಳಲ್ಲಿ ನಮ್ಮ ಜಿಲ್ಲೆಗಳೂ ಬರಲಿ

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿಯ ಗ್ರಂಥಾಲಯಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂತು ಐಎಎಸ್, ಕೆಎಎಸ್ ಮುಖ್ಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಶ್ರಮದಲ್ಲಿ ಕೊರತೆಯಿಲ್ಲ. ಅವರ ಬಳಿ ಆಡಳಿತ ಮತ್ತು ಪ್ರಚಲಿತ ವಿದ್ಯಮಾನಗಳ ಟಿಪ್ಪಣಿ ರಾಶಿ ರಾಶಿ ಇರುತ್ತದೆ. ಆದರೂ ಉತ್ತರ ಬರೆಯುವಾಗ ಯಾವ ಮಾಹಿತಿ ಎಲ್ಲಿ ಕೂರಬೇಕು ಎಂಬುದು ತಿಳಿಯದೆ ಅಂಕ ಕೈತಪ್ಪುತ್ತದೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಆಡಳಿತದ ಪ್ರಶ್ನೆಗಳಿಗೆ ಬೇಕಾದ ಅತ್ಯುತ್ತಮ ಉದಾಹರಣೆಗಳು ನಮ್ಮ ಭಾಗದಲ್ಲೇ ಇದ್ದರೂ ಉತ್ತರ ಪತ್ರಿಕೆಯಲ್ಲಿ ಅವು ಕಾಣುವುದೇ ಇಲ್ಲ. ಈ ಕುರಿತು ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇವೆ.

ಮೊದಲು ಸಮಯದ ಲೆಕ್ಕ. ಯುಪಿಎಸ್‌ಸಿ ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ಮೂರು ಗಂಟೆಗೆ 20 ಪ್ರಶ್ನೆ. ಹತ್ತು ಅಂಕದ್ದು 150 ಪದ, ಹದಿನೈದು ಅಂಕದ್ದು 250 ಪದ. ಅಂದರೆ ಚಿಕ್ಕ ಉತ್ತರಕ್ಕೆ 7 ನಿಮಿಷ, ದೊಡ್ಡದಕ್ಕೆ 11 ನಿಮಿಷ. ಇದರಲ್ಲಿ ಒಂದು ನಿಮಿಷವನ್ನು ಪ್ರಶ್ನೆ ಬಿಡಿಸಿ ನೋಡಲು ತೆಗೆದಿಡಬೇಕು. 150 ಪದದಲ್ಲಿ ಎರಡು ಅಥವಾ ಮೂರು ಗಟ್ಟಿ ಮಾಹಿತಿ, 250ರಲ್ಲಿ ನಾಲ್ಕೈದು ಸಾಕು. ಅದಕ್ಕಿಂತ ಹೆಚ್ಚು ತುರುಕಿದರೆ ವಾದಕ್ಕೆ ಜಾಗ ಉಳಿಯುವುದಿಲ್ಲ, ಮೌಲ್ಯಮಾಪಕರಿಗೆ ಅಭ್ಯರ್ಥಿಯ ನಿಲುವು ಸಿಗುವುದಿಲ್ಲ.

ಪಂಚಾಯತ್ ರಾಜ್ ಸಂಸ್ಥೆಗಳ ಸ್ವಾಯತ್ತತೆಗೆ ಇರುವ ಅಡ್ಡಿಗಳ ಬಗ್ಗೆ ಪ್ರಶ್ನೆ ಬಂತೆಂದುಕೊಳ್ಳೋಣ. ಬಹುತೇಕ ಉತ್ತರಗಳು 1957ರ ಬಲವಂತರಾಯ್ ಮೆಹ್ತಾ ಸಮಿತಿಯಿಂದ ಶುರುವಾಗಿ, ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿಗೆ ಬರುವಷ್ಟರಲ್ಲಿ 60-70 ಪದ ಮುಗಿಸಿರುತ್ತವೆ. ಪ್ರಶ್ನೆ ಕೇಳಿದ್ದು ಇತಿಹಾಸವನ್ನಲ್ಲ. ಮೊದಲ ಸಾಲಿನಲ್ಲೇ ಅಡ್ಡಿ ಯಾವುದು ಎಂದು ಹೇಳಿಬಿಡಬೇಕು: ಸಂವಿಧಾನದ 243ಜಿ ವಿಧಿಯು ಪಂಚಾಯಿತಿಗಳಿಗೆ ಅಧಿಕಾರ ಕೊಡುವುದನ್ನು ರಾಜ್ಯ ಶಾಸಕಾಂಗದ ಇಚ್ಛೆಗೆ ಬಿಟ್ಟಿದೆ, ಹಾಗಾಗಿ 11ನೇ ಅನುಸೂಚಿಯ 29 ವಿಷಯಗಳು ಪಟ್ಟಿಯಲ್ಲಿದ್ದರೂ ಕಾರ್ಯ, ಸಿಬ್ಬಂದಿ, ಹಣ ಮೂರೂ ಒಟ್ಟಿಗೆ ಕೆಳಗೆ ಇಳಿಯುವುದಿಲ್ಲ. ಇದರ ಬೆನ್ನಿಗೆ ಹಣದ ಮಾತು. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು; ಪಂಚಾಯಿತಿ ತನ್ನ ವಿವೇಚನೆಯಿಂದ ಬಳಸಬಹುದಾದದ್ದು ಶೇ 40. ನಂತರ ನಮ್ಮದೇ ರಾಜ್ಯದ ಉದಾಹರಣೆ. 243ಇ ವಿಧಿಯ ಪ್ರಕಾರ ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಹೆಸರಿನಲ್ಲಿ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಉಳಿದರು. ಇಷ್ಟು ಬರೆದ ಮೇಲೆ ‘ರಾಜಕೀಯ ಇಚ್ಛಾಶಕ್ತಿಯ ಕೊರತೆ’ ಎಂಬ ಸವೆದ ಮಾತು ಬೇಕಾಗುವುದೇ ಇಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ವಿಷಯದಲ್ಲಂತೂ ನಮ್ಮ ಅಭ್ಯರ್ಥಿಗಳು ಎಡವಬಾರದು, ಆದರೆ ಎಡವುತ್ತಾರೆ. ಆ ವಿಧಿಯನ್ನು ಸೇರಿಸಿದ 98ನೇ ತಿದ್ದುಪಡಿ ಕಾಯ್ದೆಯ ವರ್ಷ 2012. ವಿಧಿಯಲ್ಲಿರುವುದು ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡುವುದು, ಅನುದಾನದ ಸಮಾನ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕಲ್ಪಿಸುವ ಅವಕಾಶ. ಗ್ರೂಪ್ ಸಿ ಹುದ್ದೆಗೆ ಶೇ 80, ಗ್ರೂಪ್ ಡಿಗೆ ಶೇ 85 ಎಂಬ ಪ್ರಮಾಣ ಸಂವಿಧಾನದಲ್ಲಿಲ್ಲ. ಅದು 2013ರ ಆದೇಶದಿಂದ ಬಂದದ್ದು. ಪ್ರಮಾಣ ವಿಧಿಯೊಳಗೇ ಇದೆ ಎಂದು ಬರೆದರೆ ವಿಷಯ ತಿಳಿದ ಮೌಲ್ಯಮಾಪಕರು ಅಲ್ಲೇ ನಿಲ್ಲುತ್ತಾರೆ. ಪ್ರಾದೇಶಿಕ ಅಸಮತೋಲನದ ಪ್ರಶ್ನೆಗೆ ಇದರ ಜತೆ 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಸೇರಿಸಬಹುದು. ಹಿಂದುಳಿದವು ಎಂದು ಅದು ಗುರುತಿಸಿದ 114 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಒಂದೇ ಸಾಲಿನಲ್ಲಿ ಹಿಡಿಯುವ ಈ ಮೂರು ಸಂಖ್ಯೆಗಳು ಒಂದು ಪುಟದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಯಾದಗಿರಿ ಉದಾಹರಣೆಗಳ ಇನ್ನೊಂದು ಗಣಿ. ಹಿಂದುಳಿದ ಜಿಲ್ಲೆಗಳಿಗಾಗಿ ಕೇಂದ್ರ 2018ರಲ್ಲಿ ಶುರು ಮಾಡಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿ ರಾಜ್ಯದಿಂದ ರಾಯಚೂರಿನ ಜತೆ ಇರುವ ಜಿಲ್ಲೆ ಅದು. ಆರೋಗ್ಯ ಮತ್ತು ಪೌಷ್ಟಿಕತೆಗೆ ಶೇ 30, ಶಿಕ್ಷಣಕ್ಕೆ 30, ಕೃಷಿ ಮತ್ತು ನೀರಿಗೆ 20, ಹಣಕಾಸು ಒಳಗೊಳ್ಳುವಿಕೆ ಹಾಗೂ ಕೌಶಲಕ್ಕೆ 10, ಮೂಲಸೌಕರ್ಯಕ್ಕೆ 10 ಎಂದು ತೂಕ ನಿಗದಿಯಾಗಿದೆ. ಇದನ್ನು ಬರೆದು ಸುಮ್ಮನಾದರೆ ಅದು ಬರೀ ಟಿಪ್ಪಣಿ. ಈ ಕಾರ್ಯಕ್ರಮದಡಿ ಜಿಲ್ಲೆಗಳಿಗೆ ಕೊಡುವ ಡೆಲ್ಟಾ ರ‍್ಯಾಂಕಿಂಗ್ ಅಳೆಯುವುದು ಬದಲಾವಣೆಯ ವೇಗವನ್ನು, ತಲುಪಿದ ಮಟ್ಟವನ್ನಲ್ಲ. ಹಾಗಾಗಿ ತೀರಾ ಕೆಳಗಿರುವ ಜಿಲ್ಲೆಯೂ ಒಂದು ತಿಂಗಳು ಮೇಲಿನ ಸ್ಥಾನಕ್ಕೆ ಬರಬಹುದು ಎಂದು ವಿಶ್ಲೇಷಿಸಿದರೆ ಅದು ಉತ್ತರ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು 51.83 ಇತ್ತು ಎಂಬುದನ್ನು ಅದರ ಪಕ್ಕದಲ್ಲಿಟ್ಟರೆ ವೇಗ ಮತ್ತು ಮಟ್ಟದ ವ್ಯತ್ಯಾಸ ತಾನಾಗಿ ಸ್ಪಷ್ಟವಾಗುತ್ತದೆ.

ನಾಗರಿಕ ಸೇವೆಗಳ ಪ್ರಶ್ನೆಗೆ ಎಲ್ಲರೂ, ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಕೊಡಿಸುವ ‘ಸಕಾಲ’ದ ಹೆಸರು ಬರೆಯುತ್ತಾರೆ. ಹೆಸರಿಗೆ ಅಂಕವಿಲ್ಲ. 2011ರ ಆ ಕಾಯ್ದೆಯಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರವಿದೆ. ತಿರಸ್ಕೃತ ಅರ್ಜಿಯೂ ‘ವಿಲೇವಾರಿ’ಯೇ ಆದ್ದರಿಂದ, ಸಕಾಲಿಕ ವಿಲೇವಾರಿಯ ಪ್ರಮಾಣವೊಂದನ್ನೇ ನೋಡಿ ಸೇವೆಯ ಗುಣಮಟ್ಟ ಅಳೆಯಲಾಗದು. ಈ ಎರಡು ವಾಕ್ಯ ಸಾಕು.

ನೀತಿಶಾಸ್ತ್ರದ ಪತ್ರಿಕೆಯಲ್ಲಿ ಬಸವಕಲ್ಯಾಣವನ್ನು, ಕಾಯಕ ದಾಸೋಹಗಳನ್ನು ನೆನೆಯುವವರು ಅವನ್ನು ಕೊನೆಯ ಸಾಲಿಗೆ ಅಂಟಿಸುತ್ತಾರೆ. ಪ್ರಕರಣ ಅಧ್ಯಯನದ ಒಳಗೆ, ಅಧಿಕಾರಿ ಆಯ್ದುಕೊಂಡ ದಾರಿಗೆ ಕಾರಣವಾಗಿ ಬಂದರೆ ಮಾತ್ರ ಅವಕ್ಕೆ ಬೆಲೆ.

ಅತಿ ದೊಡ್ಡ ಅಪಾಯ ಅರ್ಧ ಪ್ರಚಲಿತ ಮಾಹಿತಿಯದು. ಮಸೂದೆಗಳಿಗೆ ರಾಜ್ಯಪಾಲರ ಅಂಕಿತಕ್ಕೆ ಕಾಲಮಿತಿ ವಿಧಿಸಿದ ಸುಪ್ರೀಂ ಕೋರ್ಟಿನ 2025ರ ಏಪ್ರಿಲ್ ತೀರ್ಪನ್ನು ಬರೆದಿಟ್ಟುಕೊಂಡವರು, ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದ ವಿಷಯದಲ್ಲಿ ಅದೇ ವರ್ಷದ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ‘ನ್ಯಾಯಾಲಯ ಅಂಥ ಕಾಲಮಿತಿ ಹೇರಲಾಗದು’ ಎಂಬ ನಿಲುವು ತಳೆದದ್ದನ್ನು ಸೇರಿಸದಿದ್ದರೆ ಇಡೀ ಉತ್ತರವೇ ತಪ್ಪು ದಾರಿ ಹಿಡಿಯುತ್ತದೆ. ಉದ್ಯೋಗ ಖಾತ್ರಿಯದೂ ಹಾಗೆಯೇ: 2005ರ ಕಾಯ್ದೆಯ 100 ದಿನಗಳನ್ನಷ್ಟೇ ಬರೆದು, ಅದರ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು 125 ದಿನಗಳ ಹೊಸ ಕಾಯ್ದೆ ಅಂಗೀಕರಿಸಿದ್ದನ್ನು ಬಿಟ್ಟರೆ ಓದು ಹಳತಾಯಿತೆಂದು ಗೊತ್ತಾಗಿಬಿಡುತ್ತದೆ.

ಇದಕ್ಕೆ ಉಪಾಯ ಸರಳ. ಪಠ್ಯಕ್ರಮದ ಪ್ರತಿ ವಿಷಯಕ್ಕೆ ಎ4 ಹಾಳೆಯ ಒಂದೇ ಬದಿ. ಅದರಲ್ಲಿ ವಿಧಿ ಅಥವಾ ಕಾಯ್ದೆ ವರ್ಷದೊಂದಿಗೆ, ಒಂದು ಸಮಿತಿ ಅಥವಾ ವರದಿ, ಒಂದು ತೀರ್ಪು, ಒಂದು ಅಂಕಿ ಮೂಲದೊಂದಿಗೆ, ನಮ್ಮ ಜಿಲ್ಲೆಯ ಒಂದು ಉದಾಹರಣೆ. ಬದಲಾಗುವಂಥದ್ದನ್ನು ಪೆನ್ಸಿಲ್‌ನಲ್ಲಿ ಬರೆದು ಪಕ್ಕದಲ್ಲಿ ತಿಂಗಳು ನಮೂದಿಸಬೇಕು. ಹಾಳೆ ತುಂಬಿದರೆ ಹೊಸದನ್ನು ಸೇರಿಸಲು ಹಳೆಯದೊಂದನ್ನು ಹೊಡೆದುಹಾಕಬೇಕು, ಎರಡನೇ ಹಾಳೆ ತೆಗೆಯಬಾರದು. ಪರೀಕ್ಷೆಯ ದಿನ ಯಾದಗಿರಿಯ ಸಾಕ್ಷರತೆಯ ದಶಮಾಂಶ ನೆನಪಾಗದಿದ್ದರೆ ‘ಸುಮಾರು ಶೇ 52’ ಎಂದು ಬರೆಯಲಿ; ಊಹಿಸಿದ ದಶಮಾಂಶಕ್ಕಿಂತ ಪ್ರಾಮಾಣಿಕ ಅಂದಾಜು ಮೇಲು. ಕನ್ನಡದಲ್ಲಿ ಬರೆಯುವವರು ಒಂದು ಪರಿಕಲ್ಪನೆಗೆ ಒಂದೇ ಪದ ಹಿಡಿದು ಕೊನೆಯವರೆಗೆ ಅದನ್ನೇ ಬಳಸಲಿ.

ಇದೆಲ್ಲ ಅಭ್ಯರ್ಥಿಯೊಬ್ಬರೇ ಮಾಡಿಕೊಳ್ಳುವ ಕೆಲಸವಲ್ಲ. ಮೂರೂ ಜಿಲ್ಲೆಗಳ ಗ್ರಂಥಾಲಯಗಳಲ್ಲಿ ಖಾಸಗಿ ಮಾರ್ಗದರ್ಶಿ ಪುಸ್ತಕಗಳು ಧಾರಾಳ ಸಿಗುತ್ತವೆ, ಮೂಲ ದಾಖಲೆ ಸಿಗುವುದು ಕಷ್ಟ. ಕರ್ನಾಟಕ ಆರ್ಥಿಕ ಸಮೀಕ್ಷೆಯ ಕನ್ನಡ ಆವೃತ್ತಿ, ಆಯಾ ಜಿಲ್ಲೆಯ ಅಂಕಿಅಂಶಗಳ ನೋಟ, ಮಹಾಲೇಖಪಾಲರ ವರದಿಗಳು, ಎರಡನೇ ಆಡಳಿತ ಸುಧಾರಣಾ ಆಯೋಗದ 15 ವರದಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವಾರ್ಷಿಕ ವರದಿ, ಇಷ್ಟನ್ನು ಒಂದು ಕಪಾಟಿನಲ್ಲಿ ಇಡಲು ಗ್ರಂಥಾಲಯ ಇಲಾಖೆಗೆ ದೊಡ್ಡ ವೆಚ್ಚ ಬಾರದು. ತಮ್ಮ ಪತ್ರಿಕೆಯಲ್ಲೂ ನಮ್ಮದೊಂದು ಕೋರಿಕೆ. ಯೋಜನೆ ಅಥವಾ ತೀರ್ಪಿನ ಸುದ್ದಿಯ ಕೆಳಗೆ ಕಾಯ್ದೆಯ ವರ್ಷ, ಸೆಕ್ಷನ್, ಜಾರಿ ಮಾಡುವ ಇಲಾಖೆ ಇವಿಷ್ಟನ್ನು ಎರಡು ಸಾಲಿನಲ್ಲಿ ಕೊಡಿ. ಮೊದಲು ವರದಿಯಾದ ತೀರ್ಪು ಮುಂದೆ ಬದಲಾದಾಗ ಹಿಂದಿನ ಸುದ್ದಿಯ ದಿನಾಂಕವನ್ನೂ ಅಲ್ಲೇ ಸೂಚಿಸಿ.

— ಮುಖ್ಯ ಪರೀಕ್ಷೆಯ ಅಭ್ಯಾಸ ಉತ್ತರಗಳನ್ನು ತಿದ್ದುವ ಅಧ್ಯಾಪಕರು, ಕಲಬುರಗಿ