ಬಕೆಟ್‌ಗಿಂತ ಮೊದಲು ಒಣ ಎಲೆಯ ಚೀಲ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಗೊಬ್ಬರದ ಬಕೆಟ್ ಮೂರನೇ ವಾರಕ್ಕೇ ನಾರುತ್ತಿದೆ, ಮುಚ್ಚಳ ತೆಗೆದರೆ ಹುಳ ಹರಿದಾಡುತ್ತವೆ, ಎಲ್ಲ ಎಸೆದುಬಿಡಲೇ ಎಂದು ಕೇಳಿದ್ದೀಯ. ಎಸೆಯಬೇಡ. ಅದು ಹಾಳಾಗಿಲ್ಲ, ಉಸಿರು ಕಟ್ಟಿದೆ ಅಷ್ಟೆ. ಇವತ್ತೇ ಅದನ್ನು ಒಂದು ಹಳೆಯ ಟಾರ್ಪಾಲಿನ ಮೇಲೆ ಸುರಿ. ಅದು ಎಷ್ಟಿದೆಯೋ ಅದರ ಎರಡರಷ್ಟು ಒಣ ಎಲೆಯನ್ನು ಮುರಿದು ಪುಡಿ ಮಾಡಿ ಅದಕ್ಕೆ ಬೆರೆಸು. ಅಂಟಿಕೊಂಡ ಮುದ್ದೆಗಳಿರುತ್ತವಲ್ಲ, ಅವನ್ನು ಹಾಗೇ ಬಿಡಬೇಡ, ಕೈಗವಸು ಹಾಕಿಕೊಂಡು ಒಂದೊಂದಾಗಿ ಬಿಡಿಸು. ಮುದ್ದೆಯ ಹೊಟ್ಟೆಯಲ್ಲೇ ನಾತ ಇರುವುದು. ಹೀಗೆ ಮಾಡಿದಾಗ ಒಂದು ಬಕೆಟ್‌ನಲ್ಲಿದ್ದದ್ದು ಎರಡು ಬಕೆಟ್‌ಗೂ ಮಿಗಬಹುದು. ಮಿಗಲಿ. ಎರಡು ಮೂರು ದಿನದಲ್ಲಿ ವಾಸನೆ ಇಳಿಯುತ್ತದೆ, ಆಮೇಲೆ ರಾಶಿಯೂ ತಾನಾಗಿ ಕುಗ್ಗುತ್ತದೆ.

ಗೊಬ್ಬರ ಮಾಡಬೇಕು ಅಂದುಕೊಂಡವರು ಮೊದಲು ಡಬ್ಬಿ ಕೊಳ್ಳುತ್ತಾರೆ. ನಾನು ಹೇಳುವುದು, ಮೊದಲು ಒಣ ಎಲೆಯ ಚೀಲ ತುಂಬಿಸಿಕೊ. ಸಿಪ್ಪೆ ಅಡುಗೆಮನೆಯಿಂದ ದಿನಾ ಬಂದೇ ಬರುತ್ತದೆ, ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಒಣ ಪದಾರ್ಥ ಮಾತ್ರ ಬೇಕಾದ ದಿನ ಸಿಗುವುದಿಲ್ಲ. ಎಲೆ ಉದುರುವ ತಿಂಗಳಲ್ಲಿ ನಾಲ್ಕೈದು ಗೋಣಿಚೀಲ ಗಟ್ಟಿಯಾಗಿ ತುಳಿದು ತುಂಬಿ ಮಳೆ ಬೀಳದ ಕಡೆ ಇಟ್ಟರೆ ವರ್ಷದ ಬಹುಪಾಲು ಕಳೆಯುತ್ತದೆ. ಚೀಲ ಬಕೆಟ್‌ನ ಪಕ್ಕದಲ್ಲೇ ಇರಲಿ. ನಾಲ್ಕು ಹೆಜ್ಜೆ ದೂರ ಇದ್ದರೂ ಅವಸರದ ದಿನ ಎಲೆ ಹಾಕುವುದು ತಪ್ಪುತ್ತದೆ, ಹಾಗೆ ನಾಲ್ಕು ದಿನ ತಪ್ಪಿದರೆ ಈಗ ನೀನು ಬರೆದಿರುವ ಸ್ಥಿತಿಗೇ ಬರುತ್ತದೆ.

ಎಲೆ ಯಾಕೆ ಅಷ್ಟು ಮುಖ್ಯ ಅಂದರೆ, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಶಕ್ತಿಗೆ ಇಂಗಾಲ ಬೇಕು, ಮೈ ಬೆಳೆಸಲು ಸಾರಜನಕ ಬೇಕು. ತೂಕದಲ್ಲಿ ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇದ್ದರೆ ಅವುಗಳ ಕೆಲಸ ಸಲೀಸು. ತರಕಾರಿ ಸಿಪ್ಪೆ, ಹಸಿ ಹುಲ್ಲು, ಕಾಫಿ ಚರಟ ಇವುಗಳಲ್ಲಿ 1 ಪಾಲು ಸಾರಜನಕಕ್ಕೆ ಇಂಗಾಲ 15ರಿಂದ 20 ಪಾಲಿನ ಆಸುಪಾಸು. ಒಣ ಎಲೆ ಸುಮಾರು 60. ಮರದ ಹೊಟ್ಟು 300 ದಾಟುತ್ತದೆ. ಇದನ್ನೆಲ್ಲ ದಿನಾ ಲೆಕ್ಕ ಹಾಕುತ್ತಾ ಕೂರಬೇಡ. ಒಂದು ಬೋಗುಣಿ ಸಿಪ್ಪೆಗೆ ಅದೇ ಬೋಗುಣಿಯಲ್ಲಿ ಎರಡು ಬೋಗುಣಿ ಪುಡಿ ಎಲೆ, ನೀರಿನಂಶ ಹೆಚ್ಚಿರುವ ಹಣ್ಣಿನ ತಿರುಳಾದರೆ ಮೂರು. ಇಷ್ಟು ನೆನಪಿದ್ದರೆ ಸಾಕು. ಆದರೆ ಇಂಗಾಲದ ಲೆಕ್ಕಕ್ಕಿಂತ ದೊಡ್ಡ ಉಪಕಾರ ಒಣ ಎಲೆಯಿಂದ ಇನ್ನೊಂದಿದೆ. ಸಿಪ್ಪೆ ಕರಗಿ ಕೆಸರಾಗಿ ಒಂದಕ್ಕೊಂದು ಮೆತ್ತಿಕೊಳ್ಳುವಾಗ ಮುರುಟಿದ ಎಲೆಚೂರುಗಳು ನಡುವೆ ನಿಂತು ಗಾಳಿಗೆ ದಾರಿ ಬಿಡುತ್ತವೆ. ಗಾಳಿ ಹೋದ ಕಡೆ ಮಣ್ಣಿನ ವಾಸನೆ, ಗಾಳಿ ನಿಂತ ಕಡೆ ಚರಂಡಿಯ ವಾಸನೆ.

ಅದಕ್ಕೇ ಒಣ ಪದಾರ್ಥ ಅಂತ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. ದೊಡ್ಡ ಎಲೆಗಳನ್ನು ಇಡಿಯಾಗಿ ಹಾಕಿದರೆ ಒದ್ದೆಯಾಗಿ ಒಂದರ ಮೇಲೊಂದು ಕೂತು ಹಾಳೆಯಂತೆ ಗಾಳಿ ತಡೆಯುತ್ತವೆ, ಮುರಿದೇ ಹಾಕು. ಮರದ ಹೊಟ್ಟು ನೀರು ಹೀರುತ್ತದೆ, ಆದರೆ ನುಣ್ಣಗಿರುವುದರಿಂದ ಒತ್ತೊತ್ತಾಗಿ ಕೂರುತ್ತದೆ. ಅದನ್ನು ಹಿಡಿಯಷ್ಟೇ ಬಳಸು, ಪ್ಲೈವುಡ್ಡಿನದು, ಬಣ್ಣ ಬಳಿದ ಮರದ್ದು ಬೇಡವೇ ಬೇಡ. ತೆಂಗಿನ ನಾರಿನ ಪುಡಿಯದೂ ಅದೇ ಕಥೆ, ತೇವ ಹಿಡಿಯಲು ಗಟ್ಟಿಗ, ಗಾಳಿಗೆ ಅಷ್ಟಕ್ಕಷ್ಟೆ. ರಟ್ಟಿನ ಪೆಟ್ಟಿಗೆಯನ್ನು ಟೇಪು ಕಿತ್ತು ಎರಡು ಬೆರಳಗಲ ಹರಿದು ಹಾಕು, ಅದರ ಒಳಗಿನ ಅಲೆಯಲೆ ಪದರ ಗಾಳಿಯನ್ನು ಹಿಡಿದಿಡುತ್ತದೆ. ಹೊಳಪಿನ ಕಾಗದ ಬೇಡ.

ಬಕೆಟ್ ವಿಷಯ ಚಿಕ್ಕದು. 20 ಲೀಟರಿನವು ಎರಡು ಸಾಕು. ಸುತ್ತ 4 ಇಂಚಿಗೊಂದರಂತೆ 8 ಮಿಲಿಮೀಟರ್ ತೂತು, ತಳಕ್ಕೆ ಹತ್ತು ಹನ್ನೆರಡು ತೂತು. ಎರಡು ಇಟ್ಟಿಗೆಯ ಮೇಲೆ ಕೂರಿಸಿ ಕೆಳಗೊಂದು ತಟ್ಟೆ ಇಡು. ತಳದಲ್ಲಿ ಮೂರು ನಾಲ್ಕು ಇಂಚು ಸಣ್ಣ ಕಡ್ಡಿಗಳು, ಅದರ ಮೇಲೆ ಒರಟು ಎಲೆ. ಒಂದು ತುಂಬಿದ ಮೇಲೆ ಅದಕ್ಕೆ ಹೊಸದೇನನ್ನೂ ಹಾಕದೆ ಪಕ್ಕಕ್ಕಿಟ್ಟು ಇನ್ನೊಂದನ್ನು ಶುರುಮಾಡು. ಒಂದೇ ಬಕೆಟ್ ಇಟ್ಟುಕೊಂಡವರಿಗೆ ಗೊಬ್ಬರ ಎಂದಿಗೂ ಹಣ್ಣಾಗುವುದಿಲ್ಲ, ಮೇಲೆ ದಿನಾ ಹಸಿ ಬೀಳುತ್ತಲೇ ಇರುತ್ತದೆ.

ಸಿಪ್ಪೆಯನ್ನು ಒಂದೆರಡು ಇಂಚಿನ ಚೂರು ಮಾಡಿ ಹಾಕು, ನೀರು ಬಸಿದು ಹಾಕು. ಮಿಕ್ಸಿಯಲ್ಲಿ ರುಬ್ಬಿದರೆ ಬೇಗ ಕೊಳೆಯುತ್ತದೆ ಎನ್ನುವವರ ಮಾತು ಕೇಳಬೇಡ, ರುಬ್ಬಿದ್ದು ಕೆಸರಾಗುತ್ತದೆ. ಹಾಕಿದ ಮೇಲೆ ಸಿಪ್ಪೆಯ ಒಂದು ಚೂರೂ ಕಣ್ಣಿಗೆ ಕಾಣದಂತೆ ಒಂದಿಂಚು ಪುಡಿ ಎಲೆ ಮುಚ್ಚು. ವಾರಕ್ಕೆರಡು ಸಲ ಕೈಮುಳ್ಳಿನಿಂದ ತಳದ್ದು ಮೇಲೆ ಬರುವ ಹಾಗೆ ಮಗುಚು.

ಮಗುಚುವಾಗಲೇ ತೇವ ನೋಡಬೇಕು, ಇದನ್ನು ಕೈಯಿಂದಲೇ ಕಲಿಯಬೇಕು. ನಡುವಿನಿಂದ ಒಂದು ಮುಷ್ಟಿ ತೆಗೆದುಕೊಂಡು ಬಲವಾಗಿ ಹಿಂಡು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿ ಅಲ್ಲೇ ನಿಂತರೆ ಹದ. ಮುಷ್ಟಿ ಬಿಚ್ಚಿದಾಗ ಉಂಡೆ ಹಾಗೇ ಇರಬೇಕು, ಹೆಬ್ಬೆರಳಿನಿಂದ ಮುಟ್ಟಿದರೆ ಉದುರಬೇಕು. ನೀರು ಧಾರೆಯಾಗಿ ಇಳಿದರೆ ಎಲೆ ಸಾಲದು. ಬಿಚ್ಚಿದ ಕೂಡಲೇ ಪುಡಿಪುಡಿಯಾಗಿ ಜಾರಿದರೆ ಒಣಗಿದೆ, ನೀರು ಚಿಮುಕಿಸು. ಹದ ಇರುವಾಗ ತೂಕದ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ನೂರಕ್ಕೆ 50ರಿಂದ 60 ಪಾಲು ನೀರೇ ಇರುತ್ತದೆ.

ವಾಸನೆಯಲ್ಲೂ ಬಗೆಗಳಿವೆ, ಎಲ್ಲಕ್ಕೂ ಒಂದೇ ಮದ್ದಲ್ಲ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಿಲ್ಲದ ಕಡೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ. ಮಗುಚಬೇಕು, ಒರಟು ಒಣ ಪದಾರ್ಥ ಬೆರೆಸಬೇಕು, ತಳದ ತೂತು ಕಟ್ಟಿದೆಯೇ ಕಡ್ಡಿ ಹಾಕಿ ನೋಡಬೇಕು. ಮೂಗಿಗೆ ಚುಚ್ಚುವ, ಕಣ್ಣು ಉರಿಸುವ ವಾಸನೆಯಾದರೆ ಅದು ಅಮೋನಿಯಾ, ಸಾರಜನಕ ಮಿತಿಮೀರಿ ಹಾರಿಹೋಗುತ್ತಿದೆ. ಬರೀ ಮಗುಚಿದರೆ ಅದು ಇನ್ನಷ್ಟು ಹಾರುತ್ತದೆ, ಅದಕ್ಕೆ ಬೇಕಾದದ್ದು ಇಂಗಾಲ. ಹರಿದ ರಟ್ಟು, ಒಂದೆರಡು ಹಿಡಿ ಮರದ ಹೊಟ್ಟು ಬೆರೆಸು. ಈ ವಾಸನೆ ಅಡಗಿಸಲು ಸುಣ್ಣ ಹಾಕುವವರಿದ್ದಾರೆ. ಸುಣ್ಣ ಹಾಕಿದರೆ ಅಮೋನಿಯಾ ಇನ್ನೂ ಜೋರಾಗಿ ಹೊರಡುತ್ತದೆ, ಗಿಡಕ್ಕೆ ಸೇರಬೇಕಾದ ಸತ್ವ ಗಾಳಿಪಾಲು. ಒಲೆಯ ಬೂದಿಯೂ ಅಷ್ಟೆ, ಎಂದೋ ಒಂದು ಚಿಟಿಕೆ ಬಿದ್ದರೆ ಚಿಂತೆಯಿಲ್ಲ, ಬೊಗಸೆಗಟ್ಟಲೆ ಬೇಡ. ವಾಸನೆಯೂ ಇಲ್ಲ, ಬದಲಾವಣೆಯೂ ಇಲ್ಲ ಅಂದರೆ ಒಣಗಿರಬೇಕು ಅಥವಾ ಹೊಟ್ಟು ಹೆಚ್ಚಾಗಿರಬೇಕು. ನೀರು ಮತ್ತು ಹಸಿ ಸೇರಿಸು.

ಇನ್ನು ಹುಳ. ನೀನು ಬರೆದ ಹಾಗೆ ಚಪ್ಪಟೆಯಾಗಿ, ಕಂದುಬಣ್ಣಕ್ಕೆ ತಿರುಗಿ, ಮೈಮೇಲೆ ಉಂಗುರ ಉಂಗುರ ಇದ್ದರೆ ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಅವಕ್ಕೆ ಹೆದರಬೇಡ, ಕೊಲ್ಲಲೂಬೇಡ. ನಿನಗಿಂತ ಚುರುಕಾಗಿ ಸಿಪ್ಪೆ ತಿಂದು ಮುಗಿಸುತ್ತವೆ, ಬೆಳೆದ ನೊಣ ಮನೆಯ ಊಟದ ಮೇಲೆ ಬಂದು ಕೂರುವ ಜಾತಿಯಲ್ಲ. ಆದರೆ ಅವು ರಾಶಿ ರಾಶಿ ಇವೆ ಅಂದರೆ ಒದ್ದೆ ಹೆಚ್ಚಾಗಿದೆ ಅಂತಲೇ ಅರ್ಥ. ಬೆಳ್ಳಗೆ, ನುಣ್ಣಗೆ, ಒಂದು ತುದಿ ಚೂಪಾಗಿರುವುದು ಮನೆನೊಣದ ಹುಳ. ಅದು ಬಂದಿದ್ದರೆ ಮೇಲಿನ ಎಲೆಮುಚ್ಚಿಗೆ ತೆಳುವಾಗಿತ್ತು, ದಪ್ಪ ಮಾಡು. ಹಣ್ಣಿನ ಮೇಲೆ ಗುಂಯ್‌ಗುಡುವ ಪುಟ್ಟ ನೊಣಗಳಿಗೂ ಅದೇ ಮದ್ದು. ಇರುವೆ ಗೂಡು ಕಟ್ಟಿದರೆ ಒಳಗೆ ಒಣಗಿದೆ. ಬಿಳಿ ನೂಲಿನಂಥ ಬೂಷ್ಟು ಕಂಡರೆ ಮುಟ್ಟಬೇಡ, ಗಟ್ಟಿ ಎಲೆ, ಕಡ್ಡಿಗಳನ್ನು ಒಡೆಯುವ ಕೆಲಸ ಅದರದ್ದು.

ಹಾಕಬಾರದ್ದನ್ನು ಹೇಳಿಬಿಡುತ್ತೇನೆ. ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆ ಬೇಡ. ನಾತಕ್ಕೂ ಇಲಿಗೂ ಕರೆ ಕೊಟ್ಟ ಹಾಗೆ. ನಾಯಿ ಬೆಕ್ಕುಗಳ ಮಲ ಬೇಡ, ಅದರಲ್ಲಿರುವ ಪರೋಪಜೀವಿಗಳ ಮೊಟ್ಟೆ ಬಕೆಟ್‌ನಲ್ಲಿ ಸಾಯುವುದಿಲ್ಲ. ಹಣ್ಣಿಗೆ ಅಂಟಿಸಿದ ಸ್ಟಿಕ್ಕರ್ ಕಿತ್ತು ಎಸೆ. ಟೀ ಬ್ಯಾಗ್‌ಗಳಲ್ಲಿ ಹಲವಕ್ಕೆ ಪ್ಲಾಸ್ಟಿಕ್ ಎಳೆ ಇರುತ್ತದೆ, ಹರಿದು ಚರಟವನ್ನಷ್ಟೇ ಉದುರಿಸು. ನಿಂಬೆ, ಕಿತ್ತಳೆ ಸಿಪ್ಪೆ ಹಾಕಬಾರದು ಎಂಬ ಭಯ ಬೇಡ, ಚಿಕ್ಕದಾಗಿ ಕತ್ತರಿಸಿದರೆ ಕರಗುತ್ತದೆ. ಮೊಟ್ಟೆಯ ಚಿಪ್ಪನ್ನು ಮಾತ್ರ ನುಣ್ಣಗೆ ಪುಡಿ ಮಾಡು, ಇಲ್ಲವಾದರೆ ಹಾಗೇ ಉಳಿಯುತ್ತದೆ.

ಬೀಜ ಕಟ್ಟಿದ ಕಳೆ, ರೋಗ ಹಿಡಿದ ಗಿಡ ಬಕೆಟ್‌ಗೆ ಬೇಡ. ಕಾರಣ ಬಿಸಿ. ಸೂಕ್ಷ್ಮಜೀವಿಗಳು ಕೆಲಸ ಮಾಡುವಾಗ ಶಾಖ ಹುಟ್ಟುತ್ತದೆ, ಆದರೆ ಬಕೆಟ್‌ನಷ್ಟು ಚಿಕ್ಕ ರಾಶಿ ಅದನ್ನು ಹಿಡಿದಿಟ್ಟುಕೊಳ್ಳಲಾರದು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ರಾಶಿಯನ್ನು ಒಂದೇ ಸಲಕ್ಕೆ ಒಟ್ಟಿದರೆ ನಡುವೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಆ ಬಿಸಿಯಲ್ಲಿ ಕೆಲವು ದಿನ ಇದ್ದರೆ ಹೆಚ್ಚಿನ ಕಳೆಬೀಜ, ರೋಗಾಣು ಸಾಯುತ್ತವೆ. ಹೊರಮೈ ಬಿಸಿಯಾಗುವುದಿಲ್ಲವಾದ್ದರಿಂದ ಬಿಸಿ ಇಳಿದಾಗಲೆಲ್ಲ ಹೊರಗಿನದ್ದು ಒಳಗೆ ಹೋಗುವಂತೆ ಮಗುಚಬೇಕು. 70 ದಾಟಿದರೆ ಒಳಗಿನ ಒಳ್ಳೆಯ ಜೀವಿಗಳೂ ಸಾಯುತ್ತವೆ, ಆಗಲೂ ಮಗುಚಬೇಕು. ಮುಂದೆ ನಿನಗೆ ಅಷ್ಟು ಜಾಗ ಸಿಕ್ಕರೆ ಮಾಡು, ಈಗ ತಣ್ಣನೆಯ ಬಕೆಟ್ ಸಾಕು, ನಿಧಾನವೇ ಹೊರತು ಗೊಬ್ಬರ ಕಡಿಮೆಯದಲ್ಲ.

ಹೊರಗಿನಿಂದ ಹುಲ್ಲು ಅಥವಾ ಸಗಣಿ ತರುವುದಾದರೆ ಒಂದು ಎಚ್ಚರ. ಕ್ಲೋಪಿರಾಲಿಡ್, ಅಮಿನೋಪಿರಾಲಿಡ್ ಎಂಬ ಕಳೆನಾಶಕ ಹೊಡೆದ ಹುಲ್ಲಾಗಿದ್ದರೆ ಆ ವಿಷ ಪ್ರಾಣಿಯ ಹೊಟ್ಟೆಯನ್ನೂ, ಗೊಬ್ಬರದ ರಾಶಿಯನ್ನೂ ದಾಟಿ ಬದುಕುತ್ತದೆ. ಅಂಥ ಗೊಬ್ಬರದಲ್ಲಿ ಹುರುಳಿಕಾಯಿ, ಟೊಮೇಟೊ ಎಲೆಗಳು ಬಟ್ಟಲಿನಂತೆ ಮುದುಡಿ ಸುರುಳಿಯಾಗುತ್ತವೆ. ಅನುಮಾನ ಬಂದರೆ ಆ ಗೊಬ್ಬರ ಬೆರೆಸಿದ ಒಂದು ಕುಂಡದಲ್ಲಿ ನಾಲ್ಕು ಬೀನ್ಸ್ ಬೀಜ ಊರಿ ಮೂರು ವಾರ ನೋಡು.

ತಟ್ಟೆಗೆ ಇಳಿಯುವ ಕಂದು ನೀರನ್ನು ಅಮೃತದಂತೆ ಕಾಣಬೇಡ. ಅದು ಇನ್ನೂ ಕೊಳೆಯದ ಪದಾರ್ಥದ ರಸ, ರೋಗಾಣು ಇರಬಹುದು. ತಿನ್ನುವ ಸೊಪ್ಪಿನ ಮೇಲೆ ಚಿಮುಕಿಸಲೇಬಾರದು. ಬಕೆಟ್‌ಗೆ ಹಾಕಲು ಚೀಲದಿಂದ ತೆಗೆದ ಒಂದಿಷ್ಟು ಒಣ ಎಲೆಗೆ ಸುರಿದುಬಿಡು, ಎಲೆಯೂ ಮೆತ್ತಗಾಗುತ್ತದೆ. ಬೇಗ ಕೊಳೆಸುವ ಪುಡಿಗಳಿಗೂ ದುಡ್ಡು ಹಾಕಬೇಡ. ಬೇಕಾದ ಜೀವಿಗಳು ಸಿಪ್ಪೆಯ ಮೇಲೆ, ಎಲೆಯ ಮೇಲೆ ಆಗಲೇ ಇವೆ. ಹಳೆಯ ಗೊಬ್ಬರ ಒಂದು ಹಿಡಿ ಹಾಕಿದರೆ ಆಯಿತು.

ಪಕ್ಕಕ್ಕಿಟ್ಟ ಬಕೆಟ್ ಎರಡು ಮೂರು ತಿಂಗಳಲ್ಲಿ ಕಪ್ಪಾಗುತ್ತದೆ. ಕಪ್ಪಾಯಿತೆಂದು ಕೂಡಲೇ ಗಿಡಕ್ಕೆ ಹಾಕಬೇಡ, ಇನ್ನೊಂದು ತಿಂಗಳು ಹಣ್ಣಾಗಲಿ. ಅರೆಬೆಂದ ಗೊಬ್ಬರ ಮಣ್ಣಿಗೆ ಸೇರಿದರೆ ಸೂಕ್ಷ್ಮಜೀವಿಗಳು ಉಳಿದ ಕೆಲಸ ಮುಗಿಸಲು ಮಣ್ಣಿನ ಸಾರಜನಕವನ್ನೇ ಕಬಳಿಸುತ್ತವೆ, ಗಿಡ ಹಳದಿಗೆ ತಿರುಗುತ್ತದೆ. ಪರೀಕ್ಷೆ ಹೀಗೆ: ಒಂದು ಹಿಡಿ ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟು ಬಿಚ್ಚಿ ಮೂಸು. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಗಿದೆ, ಹುಳಿ ಅಥವಾ ನಾತ ಬಂದರೆ ಇನ್ನೂ ಬೇಕು. ಇನ್ನೂ ಖಾತ್ರಿ ಬೇಕಿದ್ದರೆ ಮೂಲಂಗಿಯ 10 ಬೀಜ ಅದರಲ್ಲಿ, 10 ಬೀಜ ಸಾಮಾನ್ಯ ಮಣ್ಣಿನಲ್ಲಿ ಬಿತ್ತಿ ಮೊಳಕೆ ಹೋಲಿಸು.

ಬಳಸುವಾಗ ಕೈ ಬಿಗಿಹಿಡಿ. ಕುಂಡಕ್ಕೆ ನಾಲ್ಕರಲ್ಲಿ ಒಂದು ಪಾಲು ಗೊಬ್ಬರ ಸಾಕು, ಬರೀ ಗೊಬ್ಬರದಲ್ಲಿ ನೆಟ್ಟರೆ ಅದು ಕುಸಿದು ಗಟ್ಟಿಯಾಗುತ್ತದೆ, ಲವಣವೂ ಹೆಚ್ಚಾಗಿ ಎಳೆ ಬೇರು ಸುಡುತ್ತದೆ. ಬೆಳೆದ ಗಿಡದ ಕುಂಡಕ್ಕೆ ಮೇಲೆ ಒಂದಿಂಚು ಹರಡಿ ನೀರು ಹಾಕು, ಕಾಂಡದಿಂದ ಎರಡು ಇಂಚು ಬಿಟ್ಟು. ತಾಕಿದರೆ ಕಾಂಡ ಕೊಳೆಯುತ್ತದೆ. ಪಾತಿಗಾದರೆ ಒಂದೆರಡು ಇಂಚು ಹರಡಿ ಮೇಲ್ಮಣ್ಣಿಗೆ ಸೇರಿಸು. ಇದರಲ್ಲಿ ಸಾರಜನಕ ನೂರಕ್ಕೆ ಒಂದೆರಡು ಪಾಲು ಮಾತ್ರ, ಅದೂ ನಿಧಾನವಾಗಿ ಬಿಡುಗಡೆಯಾಗುತ್ತದೆ. ಒಂದು ವಾರದಲ್ಲಿ ಗಿಡ ಚಿಗುರಲಿಲ್ಲವೆಂದು ಮತ್ತೆ ಮತ್ತೆ ಸುರಿಯಬೇಡ. ಇದರ ಗುಣ ತಿಳಿಯಬೇಕಾದರೆ ಮಣ್ಣನ್ನು ನೋಡು: ನೀರು ಹಿಡಿಯುತ್ತದೆ, ಬೆರಳಿಗೆ ಹಗುರಾಗಿ ಬಿಡುತ್ತದೆ.

ಬಳಸುವ ಮೊದಲು ಗೊಬ್ಬರ ಸೋಸುವಾಗ ಮಾಸ್ಕ್ ಹಾಕಿಕೊ, ಇದರಲ್ಲಿ ರಾಜಿ ಬೇಡ. ಒಣ ಗೊಬ್ಬರದ ದೂಳಿನಲ್ಲಿ ಬೂಷ್ಟಿನ ಬೀಜಕಣ ಇರುತ್ತವೆ. ಲೆಜಿಯೊನೆಲ್ಲಾ ಲಾಂಗ್‌ಬೀಚೇ ಎಂಬ ಬ್ಯಾಕ್ಟೀರಿಯಾ ಕೂಡ ಇರಬಹುದು, ಅದು ಉಸಿರಿನೊಂದಿಗೆ ಒಳಹೋದರೆ ನ್ಯುಮೋನಿಯಾ ತರಬಹುದು. ಸ್ವಲ್ಪ ತೇವ ಮಾಡಿಕೊಂಡು, ಬಯಲಿನಲ್ಲಿ ಸೋಸು, ಆಮೇಲೆ ಸೋಪಿನಿಂದ ಕೈ ತೊಳೆ. 6 ಮಿಲಿಮೀಟರ್ ಕಣ್ಣಿನ ಜಾಲರಿ ಸಾಕು. ಮೇಲೆ ಉಳಿಯುವ ಕಡ್ಡಿ, ಗಟ್ಟಿ ಚೂರುಗಳನ್ನು ಎಸೆಯದೆ ಮುಂದಿನ ಬಕೆಟ್‌ನ ತಳಕ್ಕೆ ಹಾಸು. ಅದರಲ್ಲೇ ಜೀವಿಗಳ ಬೀಜವೂ ಇದೆ, ಗಾಳಿಗೆ ದಾರಿಯೂ ಇದೆ.

ಈಗ ಬಕೆಟ್ ಸುರಿದಾಗ ಬಂದ ವಾಸನೆ ಮೊಟ್ಟೆಯದೋ ಅಮೋನಿಯಾದ್ದೋ, ಹಿಂಡಿದಾಗ ಎಷ್ಟು ನೀರು ಇಳಿಯಿತು, ಇವೆರಡನ್ನು ಬರೆದು ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ